ಬ್ಲೂ ಬಾಬಿನ್ ಕಂಪನಿಯ ಚಿತ್ರಗಾರ್ತಿ

ರಾಷ್‌ಬ್ರಿಜ್ ರತ್ನಗಂಬಳಿ ಮಿಲ್ಲು ಮುಚ್ಚಿದ ವರ್ಷ ಎನಿಡ್ ಸಟ್‌ಕ್ಲಿಫ್‌ಗೆ ನಲವತ್ತನಾಲ್ಕು ತುಂಬಿತ್ತು. ಹದಿನೆಂಟಕ್ಕೆ ಅಲ್ಲಿ ಸೇರಿದವಳು. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬುವುದು. ಮೇಲಿನ ಕೋಣೆಯ ಗಂಡಸರು ಗುಲಾಬಿ, ಬಳ್ಳಿ, ನವಿಲು ಅಂತ ಚೆಂದವಾಗಿ ಬಿಡಿಸಿ ಕಳಿಸುತ್ತಿದ್ದರು. ಮಗ್ಗಕ್ಕೆ ಗುಲಾಬಿ ಗೊತ್ತಿಲ್ಲ, ನವಿಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟನೇ ಸಾಲಿನಲ್ಲಿ ಎಷ್ಟನೇ ಎಳೆ ಯಾವ ಬಣ್ಣ ಅನ್ನುವುದಷ್ಟೇ. ಗುಲಾಬಿಯನ್ನು ಆ ಲೆಕ್ಕಕ್ಕೆ ಇಳಿಸಿ, ಆದರೂ ಅದು ಗುಲಾಬಿಯಾಗಿಯೇ ಉಳಿಯುವ ಹಾಗೆ ಮಾಡುವುದು ಎನಿಡ್ ಮತ್ತು ಅವಳ ಕೋಣೆಯ ಹೆಂಗಸರ ಪಾಲಾಗಿತ್ತು.

ಹ್ಯಾಲಿಫ್ಯಾಕ್ಸಿನ ಉದ್ಯೋಗ ಕಚೇರಿಯಲ್ಲಿ ಗುಮಾಸ್ತ ತಲೆ ಎತ್ತದೆ ಕೇಳಿದ, "ಏನು ಕೆಲಸ ಬರುತ್ತಮ್ಮ ನಿಮಗೆ?"

"ಚೌಕ ತುಂಬೋದು."

ಅವನು ಸ್ವಲ್ಪ ಹೊತ್ತು ತನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ "ಇತರೆ" ಅಂತ ಬರೆದುಕೊಂಡ. ಶಾಲೆಯೊಂದರ ಅಡುಗೆಮನೆಯಲ್ಲಿ ಜಾಗ ಖಾಲಿ ಇದೆ ಅಂದ.

ಅವಳ ಗಂಡ ವಿಲ್ಫ್ ಟಾಡ್‌ಮಾರ್ಡನ್ ದಾರಿಯ ಬಸ್ಸಿನ ಡ್ರೈವರು. ಸಂಜೆ ಬೂಟು ಬಿಚ್ಚುತ್ತಾ, "ಅಡುಗೆಮನೆ ಕೆಲಸದಲ್ಲಿ ತಪ್ಪೇನಿದೆ ಕಣೇ?" ಅಂದ. "ಆ ಮಕ್ಕಳ ಗತಿ ಏನು ಅಂತ ಮಾತ್ರ ಯೋಚನೆ. ನಿನ್ನ ಗ್ರೇವಿ ತಿಂದು ಬದುಕಿರೋನು ಈ ಊರಲ್ಲಿ ನಾನೊಬ್ಬನೇ."

"ಆ ಮಕ್ಕಳು ಉಳೀಲಿ ಅಂತಾನೇ ನಾನು ಹೋಗ್ತಿಲ್ಲ," ಅಂದಳು ಎನಿಡ್. ತನಗೆ ಬರುವ ಕೆಲಸ ಜಗತ್ತಿನಲ್ಲಿ ಎಲ್ಲೂ ಇಲ್ಲ ಅಂತ ಅವಳಿಗೆ ನಂಬಿಕೆ ಬಂದಿರಲಿಲ್ಲ. ಹುಡುಕಿ ನೋಡದೆ ನಂಬುವವಳೂ ಅಲ್ಲ.

ಒಂಬತ್ತು ವಾರ ಹುಡುಕಿದಳು. ಹತ್ತನೇ ವಾರ ಸೋವರ್‌ಬಿ ಬ್ರಿಜ್‌ನ ಅಂಚೆ ಕಚೇರಿಯ ಕಿಟಕಿಯಲ್ಲಿ, ಮಾರಾಟಕ್ಕಿರುವ ಮೊಲಗಳ ಚೀಟಿಗೂ ಪಿಯಾನೊ ಪಾಠದ ಚೀಟಿಗೂ ನಡುವೆ, ಒಂದು ಚೀಟಿ ಕಂಡಿತು. ಕಂಪ್ಯೂಟರ್ ಆಟಗಳಿಗೆ ಚಿತ್ರ ಬರೆಯುವವರು ಬೇಕಾಗಿದ್ದಾರೆ, ಚೌಕಳಿ ಕಾಗದದ ಮೇಲೆ ಕೆಲಸ ಮಾಡುವ ತಾಳ್ಮೆ ಇರಬೇಕು. ಕಂಪ್ಯೂಟರ್ ಆಟ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಚೌಕಳಿ ಕಾಗದ ಗೊತ್ತಿತ್ತು. ಅಲ್ಲಿಂದಲೇ ನೇರ ಹೋದಳು.

ಮಕ್ಕಳ ತಳ್ಳುಗಾಡಿ, ತೊಟ್ಟಿಲು ಮಾರುವ ಅಂಗಡಿಯ ಮೇಲೆ ಎರಡು ಕೋಣೆ. ಬಾಗಿಲಿಗೆ ನೀಲಿ ನೂಲು ಸುತ್ತಿದ ಉರುಳೆಯ ಚಿತ್ರ, ಕೆಳಗೆ "ಬ್ಲೂ ಬಾಬಿನ್" ಅಂತ ಹೆಸರು. ಬಾಗಿಲು ತೆಗೆದವನು ನೆವಿಲ್ ಬ್ಯಾರಕ್ಲಫ್, ಇಪ್ಪತ್ತೆಂಟರವನು, ಕಂಪನಿ ಶುರು ಮಾಡಿದ ಇಬ್ಬರಲ್ಲಿ ಒಬ್ಬ. ಅವಳ ಕೋಟು, ಕೈಚೀಲ ನೋಡಿ, "ಅಬ್ಬ, ಬಂದ್ರಾ. ಪೊರಕೆ ಬಕೆಟ್ಟು ಮೆಟ್ಟಿಲ ಕೆಳಗಿದೆ ನೋಡಿ," ಅಂದ.

"ಪೊರಕೆ ನೀವೇ ಹಿಡ್ಕೊಳ್ಳಿ. ನಾನು ಚಿತ್ರ ಬರೆಯೋಕೆ ಬಂದೋಳು."

ಒಳಗೆ ಟೀವಿಯ ಮುಂದೆ ಕೂತಿದ್ದ ಇನ್ನೊಬ್ಬ ಪಕ್ಕನೆ ನಕ್ಕುಬಿಟ್ಟ. ಅವನು ಶಬ್ಬೀರ್ ಹುಸೇನ್. ಆಟದ ಒಳಗಿನ ಲೆಕ್ಕವೆಲ್ಲ ಅವನದು. ಅವನಪ್ಪ ಅದೇ ರಾಷ್‌ಬ್ರಿಜ್ ಮಿಲ್ಲಿನಲ್ಲಿ ರಾತ್ರಿ ಪಾಳಿಯ ನೇಕಾರನಾಗಿದ್ದವನು. ಎನಿಡ್‌ಳನ್ನು ಒಳಗೆ ಕರೆದು ಕುರ್ಚಿ ಕೊಟ್ಟವನು ಅವನೇ.

"ನೋಡಿ ಆಂಟಿ, ಪರದೆ ತುಂಬ ಇರೋದು ಚುಕ್ಕಿಗಳು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ ಸೇರಿದ್ರೆ ಒಂದು ಮನೆ. ಒಂದು ಮನೆಯೊಳಗೆ ಎರಡೇ ಬಣ್ಣ. ಮೂರನೇದು ಹಾಕೋಕಾಗಲ್ಲ. ಈ ಕುದುರೆ ನೋಡಿ, ಹುಲ್ಲಿನ ಮೇಲೆ ಬಂದ ಕೂಡ್ಲೆ ಹಸಿರಾಗುತ್ತೆ, ಆಕಾಶಕ್ಕೆ ತಲೆ ತಾಗಿದ್ರೆ ನೀಲಿಯಾಗುತ್ತೆ. ಎರಡು ತಿಂಗಳಿಂದ ಒದ್ದಾಡ್ತಿದೀವಿ."

ಎನಿಡ್ ಕನ್ನಡಕ ಹಾಕಿಕೊಂಡು ನೋಡಿದಳು. ಕುದುರೆ ಮೇಜಿಗೆ ಬಾಲ ಹಚ್ಚಿದ ಹಾಗಿತ್ತು. ಆದರೆ ಅದರ ಹಿಂದಿದ್ದ ಕಟ್ಟಳೆ ಅವಳಿಗೆ ಹಳೆಯ ಪರಿಚಯ. ಅವರ ಮಗ್ಗದಲ್ಲೂ ಒಂದು ಸಾಲಿಗೆ ಐದೇ ಬಣ್ಣದ ನೂಲು. ಆರನೆಯದು ಬೇಕು ಅಂತ ಮೇಲಿನ ಕೋಣೆಯವರು ಹಟ ಹಿಡಿದಾಗಲೆಲ್ಲ ಅದನ್ನು ಎಲ್ಲಿ ಅಡಗಿಸಬೇಕು, ಕಣ್ಣನ್ನು ಎಲ್ಲಿ ಏಮಾರಿಸಬೇಕು ಅಂತ ಕಂಡುಹಿಡಿಯುತ್ತಿದ್ದವಳು ಇವಳೇ.

"ನಿಮ್ಮ ಚೌಕಳಿ ಕಾಗದ ಹತ್ತು ಹಾಳೆ ಕೊಡಿ," ಅಂದಳು. "ನಾಳೆ ಬರ್ತೀನಿ."

ಮನೆಗೆ ಹೋಗುವ ಮೊದಲು ಆರು ಮೈಲಿ ಆಚೆ ಗುಡ್ಡದ ಮೇಲೆ ಒಬ್ಬ ರೈತನ ಹೊಲಕ್ಕೆ ಹೋಗಿ, ಬೇಲಿಗೆ ಒರಗಿ, ಅವನ ಕುಳ್ಳ ಕುದುರೆ ನಡೆಯುವುದನ್ನು ಎರಡು ಗಂಟೆ ನೋಡಿದಳು. ಯಾವ ಕಾಲು ಮೊದಲು ಏಳುತ್ತದೆ, ಆಗ ಕತ್ತು ಎತ್ತ ವಾಲುತ್ತದೆ ಅಂತ ಬಸ್ ಟಿಕೆಟ್ಟಿನ ಹಿಂದೆ ಗುರುತು ಹಾಕಿಕೊಂಡಳು. ಮಾರನೇ ದಿನ ಎಂಟು ಹಾಳೆ ಮೇಜಿನ ಮೇಲಿಟ್ಟಳು. ಎಂಟು ಹೆಜ್ಜೆ.

"ಕುದುರೆ ನಡೆಯೋ ಕಡೆ ಬಣ್ಣಾನೇ ಬೇಡ," ಅಂದಳು. "ದಾರಿ ಪೂರ್ತಿ ಹಳದಿ, ಕುದುರೆ ಪೂರ್ತಿ ಕಪ್ಪು. ಎರಡೇ ಬಣ್ಣ ಆಯ್ತಲ್ಲ. ನಿಮಗಿರೋ ಕೆಂಪು ನೀಲಿ ಎಲ್ಲ ತಗೊಂಡು ಹೋಗಿ ಮೇಲೆ ಗುಡ್ಡದಲ್ಲಿ ಸುರೀರಿ, ಕುದುರೆ ಅಲ್ಲಿಗೆ ಹೋಗಲ್ಲ. ನೋಡೋರಿಗೆ ಎಲ್ಲಾ ಕಡೆ ಬಣ್ಣ ಇದ್ದ ಹಾಗೇ ಕಾಣುತ್ತೆ."

ಶಬ್ಬೀರ್ ಆ ಚೌಕಗಳನ್ನೆಲ್ಲ ಅಂಕಿ ಮಾಡಿ ಕಂಪ್ಯೂಟರಿಗೆ ತುಂಬಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಟೀವಿಯಲ್ಲಿ ಒಂದು ಕುಳ್ಳ ಕುದುರೆ, ಎರಡೂ ಬದಿ ಮೂಟೆ ಹೊತ್ತು, ಕತ್ತು ಆಡಿಸುತ್ತಾ, ಸಂಜೆಯ ದಾರಿಯಲ್ಲಿ ನಡೆದು ಹೋಯಿತು. ನೆವಿಲ್ ಕುರ್ಚಿಯಿಂದ ಎದ್ದು ನಿಂತ. ಎನಿಡ್ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. ಅವಳು ತುಂಬಿದ ಚೌಕಗಳೆಲ್ಲ ಇಷ್ಟು ವರ್ಷ ನೆಲದ ಮೇಲೆ ಬಿದ್ದುಕೊಂಡಿದ್ದವು. ಇವು ಎದ್ದು ನಡೆದಿದ್ದವು.

ಆ ಆಟದ ಹೆಸರು "ಜ್ಯಾಗರ್". ಹಿಂದಿನ ಕಾಲದಲ್ಲಿ ಈ ಗುಡ್ಡಗಳ ಮೇಲೆ ಕುದುರೆ ಸಾಲಿನ ಮೇಲೆ ಉಣ್ಣೆ, ಉಪ್ಪು ಹೇರಿಕೊಂಡು ಓಡಾಡುತ್ತಿದ್ದವರನ್ನು ಹಾಗೆ ಕರೆಯುತ್ತಿದ್ದರು. ಆಟಗಾರ ಮಂಜು, ಕೆಸರು, ಕಳ್ಳರನ್ನು ದಾಟಿ ಕುದುರೆಗಳನ್ನು ಆಚೆ ಕಣಿವೆಗೆ ಮುಟ್ಟಿಸಬೇಕು. ಮುಂದಿನ ವರ್ಷ ಕ್ರಿಸ್‌ಮಸ್‌ಗೆ ಅದು ಅಂಗಡಿಗೆ ಬಂತು, ಬಂದ ಹಾಗೇ ಖಾಲಿಯಾಯಿತು. ಪತ್ರಿಕೆಗಳು ಆ ಕುದುರೆಯ ನಡಿಗೆಯ ಬಗ್ಗೆಯೇ ಬರೆದವು.

ಎನಿಡ್ ಊರಿನ ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಎರಡು ಹೆಸರು. ನೆವಿಲ್ ಬ್ಯಾರಕ್ಲಫ್, ಶಬ್ಬೀರ್ ಹುಸೇನ್. ಇನ್ನೊಂದು ಸಲ ನೋಡಿದಳು.

ಸೋಮವಾರ ಕೆಲಸಕ್ಕೆ ಬಂದು, ತನ್ನ ಮೇಜಿನ ಮುಂದೆ ಕೂತು, ಚೀಲದಿಂದ ಹೆಣಿಗೆ ಕಡ್ಡಿ ತೆಗೆದಳು.

"ಹೊಸ ಆಟದ ಕೋಟೆ ಎಲ್ಲಿಗೆ ಬಂತು?" ಅಂತ ನೆವಿಲ್ ಕೇಳಿದ.

"ಎಲ್ಲಿಗೂ ಬಂದಿಲ್ಲ. ವಿಲ್ಫ್‌ಗೆ ಒಂದು ಕೈಗವಸು ಬೇಕಿತ್ತು."

ಅವನಿಗೆ ಅರ್ಥವಾಗಲು ಅರ್ಧ ದಿನ ಹಿಡಿಯಿತು. ಅರ್ಥವಾದ ಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಬಂದು ನಿಂತ. "ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ಅಲ್ಲ ಮಿಸೆಸ್ ಸಟ್‌ಕ್ಲಿಫ್. ಆಡೋರೆಲ್ಲ ಹದಿಮೂರು ಹದಿನಾಲ್ಕು ವರ್ಷದ ಹುಡುಗ್ರು. ಅವರಮ್ಮನ ವಯಸ್ಸಿನ ಹೆಂಗಸು ಬರೆದಿದ್ದು ಅಂತ ಗೊತ್ತಾದ್ರೆ ನಗ್ತಾರೆ."

"ನಗಲಿ ಬಿಡಿ. ನಕ್ಕೊಂಡೇ ಆಡ್ತಾರೆ."

"ಹೋಗಲಿ, ಇ. ಸಟ್‌ಕ್ಲಿಫ್ ಅಂತ ಹಾಕೋಣ. ಗಂಡಸೋ ಹೆಂಗಸೋ ಯಾರಿಗೆ ಗೊತ್ತಾಗುತ್ತೆ?"

ಎನಿಡ್ ಕಡ್ಡಿ ಕೆಳಗಿಟ್ಟಳು. "ನೋಡಪ್ಪ ನೆವಿಲ್. ಈ ದೇಶದಲ್ಲಿ ಎಷ್ಟು ಮನೆ, ಎಷ್ಟು ಹೋಟೆಲು, ಎಷ್ಟು ಸಿನಿಮಾ ಮಂದಿರದಲ್ಲಿ ಜನ ನನ್ನ ಕೆಲಸದ ಮೇಲೆ ಕಾಲಿಟ್ಟುಕೊಂಡು ಓಡಾಡ್ತಾರೋ ನನಗೇ ಗೊತ್ತಿಲ್ಲ. ಯಾವುದರ ಅಂಚಲ್ಲೂ ನನ್ನ ಹೆಸರಿಲ್ಲ. ಆಗ ಕೇಳಬೇಕು ಅಂತಾನೇ ಹೊಳೀಲಿಲ್ಲ. ಈಗ ಹೊಳೆದಿದೆ. ಎನಿಡ್ ಅಂತ ಪೂರ್ತಿ ಬರೀಬೇಕು."

ಮೂರು ದಿನ ಹೆಣೆದಳು. ವಿಲ್ಫ್‌ಗೆ ಎರಡೂ ಕೈಗವಸು ಆಗಿ, ಟೋಪಿ ಶುರುವಾಯಿತು. ಶಬ್ಬೀರ್ ಅವಳ ಪರವಾಗಿ ಮಾತಾಡಲಿಲ್ಲ. ಆದರೆ ಬುಧವಾರ ತಾನೂ ಕಂಪ್ಯೂಟರ್ ಆರಿಸಿ, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, "ಆಂಟಿ, ಹೆಣಿಗೆ ನನಗೂ ಹೇಳಿಕೊಡಿ," ಅಂದ. ಗುರುವಾರ ನೆವಿಲ್ ಮುದ್ರಣದವರಿಗೆ ಫೋನು ಮಾಡಿದ. ಮುಂದಿನ ಮುದ್ರಣದ ಪೆಟ್ಟಿಗೆಯ ಮೇಲೆ "ಚಿತ್ರಗಳು: ಎನಿಡ್ ಸಟ್‌ಕ್ಲಿಫ್" ಅಂತ ಬಂತು. ಹುಡುಗರಿಂದ ಬಂದ ಕಾಗದಗಳಲ್ಲಿ ಯಾವುದರಲ್ಲೂ ನಗು ಇರಲಿಲ್ಲ. ಕುದುರೆ ಬರೆಯುವುದು ಹೇಗೆ ಅಂತ ಕೇಳಿದವರೇ ಹೆಚ್ಚು. ಒಂದೊಂದಕ್ಕೂ ಅವಳು ಉತ್ತರ ಬರೆದಳು.

ಅಲ್ಲಿಂದ ಹತ್ತು ವರ್ಷ ಬ್ಲೂ ಬಾಬಿನ್‌ಗೆ ಒಳ್ಳೆಯ ಕಾಲ. ತೊಟ್ಟಿಲ ಅಂಗಡಿಯ ಮೇಲಿನಿಂದ ಕಾಲುವೆ ದಂಡೆಯ ಹಳೇ ಗೋದಾಮಿಗೆ ಬಂದರು. ಜನ ಮೂರರಿಂದ ಹನ್ನೊಂದಾದರು, ಹನ್ನೊಂದರಿಂದ ಇಪ್ಪತ್ತಮೂರು. ಹದಿನಾಲ್ಕು ಆಟ ಮಾಡಿದರು. ಎಲ್ಲವೂ ಗೆಲ್ಲಲಿಲ್ಲ. ಗಾಳಿಗಿರಣಿಯ ಆಟವೊಂದನ್ನು ಯಾರೂ ಮೂಸಿ ನೋಡಲಿಲ್ಲ. ಎರಡು ಬಣ್ಣ ಹೋಗಿ ಹದಿನಾರು ಬಂತು, ಹದಿನಾರು ಹೋಗಿ ನೂರಾರು ಬಂತು. ಎನಿಡ್‌ಳ ಕೈಕೆಳಗೆ ಆರು ಜನ ಚಿತ್ರಗಾರರು ಬಂದರು. ಬಣ್ಣ ಜಾಸ್ತಿ ಸಿಕ್ಕಿದೆ ಅಂತ ಎಲ್ಲೆಂದರಲ್ಲಿ ಬಳಿದವರ ಹಾಳೆಯನ್ನು ಅವಳು ಎರಡು ಮಾತಾಡದೆ ವಾಪಸ್ಸು ಕೊಡುತ್ತಿದ್ದಳು. ಕೆಟ್ಟದಾಗಿದೆ ಅಂತ ಬೈದರೂ ಪರವಾಗಿರಲಿಲ್ಲ, ಆ ಮೌನವೇ ಕಷ್ಟ ಅಂತ ಅವರು ಹೇಳಿಕೊಳ್ಳುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಲಂಡನ್ನಿನ ಒಂದು ದೊಡ್ಡ ಪ್ರಕಾಶಕ ಕಂಪನಿ ಬ್ಲೂ ಬಾಬಿನ್ ಅನ್ನು ಕೊಂಡುಕೊಂಡಿತು. ಆ ಹೊತ್ತಿಗೆ ಆಟದ ಲೋಕ ಮತ್ತೆ ಮಗ್ಗುಲು ಬದಲಿಸಿತ್ತು. ಚಪ್ಪಟೆ ಚಿತ್ರ ಹೋಗಿ, ಸುತ್ತ ತಿರುಗಿಸಿ ಎಲ್ಲ ಕಡೆಯಿಂದ ನೋಡಬಹುದಾದ ಆಕಾರಗಳು ಬಂದಿದ್ದವು. ಲಂಡನ್ನಿನಿಂದ ರೂಪರ್ಟ್ ವೇನ್ ಅನ್ನುವವನು ಬಂದು ಎಲ್ಲರ ಕೆಲಸ ನೋಡಿದ. ಮೃದು ಮಾತಿನವನು. ಎನಿಡ್‌ಳನ್ನು ಪಕ್ಕಕ್ಕೆ ಕರೆದು, "ನಿಮ್ಮ ಅನುಭವ ದೊಡ್ಡದು. ಮುಂದಿನ ಕೌಂಟರಿನಲ್ಲಿ ಕೂತು ಬರೋರು ಹೋಗೋರನ್ನ ನೋಡಿಕೊಂಡ್ರೆ ಹೇಗೆ?" ಅಂದ.

"ನೋಡೋದಾದ್ರೆ ಕಿಟಕಿ ಇದೆಯಲ್ಲ. ನನಗೆ ಎಷ್ಟು ದಿನ ಕೊಡ್ತೀರಿ?"

"ಯಾತಕ್ಕೆ?"

"ಈ ಹೊಸದು ಕಲಿಯೋಕೆ."

ಅವನು ಮರ್ಯಾದೆಗೆ ಆರು ವಾರ ಅಂದ. ಐವತ್ತೈದು ದಾಟಿದವಳು, ತಾನಾಗೇ ಸುಮ್ಮನಾಗುತ್ತಾಳೆ ಅಂದುಕೊಂಡಿರಬೇಕು.

ಮೊದಲ ಎರಡು ವಾರ ಎನಿಡ್‌ಗೆ ಏನೂ ತಲೆಗೆ ಹೋಗಲಿಲ್ಲ. ಪರದೆಯ ಮೇಲಿನ ಆಕಾರ ಅವಳು ಮುಟ್ಟಿದ ಕಡೆ ಬಿಟ್ಟು ಬೇರೆಲ್ಲ ಕಡೆ ತಿರುಗುತ್ತಿತ್ತು. ಅದಕ್ಕಿಂತ ಕಷ್ಟ ಅದರ ಚರ್ಮದ್ದು. ಕುದುರೆಯ ಆಕಾರ ಬೇರೆ, ಅದರ ಮೈ ಬಣ್ಣವನ್ನು ಬೇರೆ ಒಂದು ಚಪ್ಪಟೆ ಹಾಳೆಯಲ್ಲಿ ಬರೆದು ಹೊದಿಸಬೇಕು. ಹೇಗೆ ಹೊದಿಸಿದರೂ ಹೊಟ್ಟೆಯ ಹತ್ತಿರ ಸೊಟ್ಟಗಾಗುತ್ತಿತ್ತು. ಅವಳಿಗೆ ಹೇಳಿಕೊಡುತ್ತಿದ್ದ ಶಬ್ಬೀರ್ ತಾನೇ ಪುಸ್ತಕ ನೋಡಿಕೊಂಡು ಕಲಿಯುತ್ತಿದ್ದವನು.

"ಬಿಟ್ಬಿಡು ಅಂತ ನಾನು ಹೇಳಲ್ಲ," ಅಂದ ವಿಲ್ಫ್ ಒಂದು ಭಾನುವಾರ. "ಹೇಳಿದ್ರೂ ನೀನು ಕೇಳಲ್ಲ. ಊಟ ಮಾಡು ಮೊದ್ಲು."

ಊಟವಾದ ಮೇಲೆ ಎನಿಡ್ ಹಳೇ ಹಾಸಿಗೆ ಬಟ್ಟೆ ಹರಿದು, ಹೊಲಿಗೆ ಯಂತ್ರದ ಮುಂದೆ ಕೂತಳು. ಸಂಜೆಗೆ ಒಂದು ಮೊಳದುದ್ದದ ಬಟ್ಟೆ ಕುದುರೆ ತಯಾರಾಯಿತು, ಹೊಟ್ಟೆಗೆ ಹಳೇ ಕಾಲುಚೀಲ ತುಂಬಿ. ಅದರ ಮೈಮೇಲೆ ಬಣ್ಣದ ಸೀಸದಕಡ್ಡಿಯಿಂದ ಕೂದಲು, ಮಚ್ಚೆ, ಜೀನಿನ ಪಟ್ಟಿ ಎಲ್ಲ ಬರೆದಳು. ಆಮೇಲೆ ಕತ್ತರಿ ತಗೊಂಡು ಹೊಟ್ಟೆಯ ಕೆಳಗೆ, ಕಾಲುಗಳ ಒಳಬದಿಯಲ್ಲಿ, ಹೊಲಿಗೆ ಇದ್ದಲ್ಲೆಲ್ಲ ಬಿಚ್ಚಿ, ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಕೈಯಾರೆ ಹೊಲಿದವರಿಗೆಲ್ಲ ಗೊತ್ತಿರುವ ಸಂಗತಿ, ರವಿಕೆಯ ಹೊಲಿಗೆ ಬಿಚ್ಚಿದರೆ ಕತ್ತರಿಸಿದ ತುಂಡುಗಳೇ ಅಲ್ಲವೆ. ಹೊಲಿಗೆ ಎಲ್ಲಿ ಬಂದರೆ ಕಣ್ಣಿಗೆ ಬೀಳುವುದಿಲ್ಲ ಅನ್ನುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸೋಮವಾರ ಆ ಬಟ್ಟೆಯನ್ನೇ ಶಬ್ಬೀರ್ ಮುಂದೆ ಇಟ್ಟಳು. ಅವನು ತುಂಬ ಹೊತ್ತು ನೋಡಿ, "ಪುಸ್ತಕದಲ್ಲಿ ನಲವತ್ತು ಪುಟ ಬರೆದಿರೋದು ಇದನ್ನೇ ಆಂಟಿ," ಅಂದ. ಐದನೇ ವಾರ ಮುಗಿಯುವ ಮೊದಲೇ ಪರದೆಯ ಮೇಲೆ ಕುದುರೆ ಸುತ್ತ ತಿರುಗಿತು, ಎಲ್ಲೂ ಸೊಟ್ಟವಿಲ್ಲದೆ. ರೂಪರ್ಟ್ ವೇನ್ ಬಂದು ನೋಡಿ, ಮತ್ತೆ ಕೌಂಟರಿನ ಮಾತೆತ್ತಲಿಲ್ಲ. ಮುಂದಿನ ಆಟ ಹಳೇ "ಜ್ಯಾಗರ್" ಅನ್ನೇ ಹೊಸದಾಗಿ, ಸುತ್ತ ನೋಡುವ ಹಾಗೆ ಮಾಡುವುದು ಅಂತ ತೀರ್ಮಾನವಾಯಿತು.

ಎರಡೂವರೆ ವರ್ಷ ಅದರ ಮೇಲೆ ಕೂತರು. ತೊಂಬತ್ತೇಳರ ಮಾರ್ಚಿನ ಒಂದು ಮಂಗಳವಾರ ಬೆಳಿಗ್ಗೆ, ಕೆಲಸ ಇನ್ನು ಐದಾರು ತಿಂಗಳು ಉಳಿದಿದೆ ಅನ್ನುವಾಗ, ಲಂಡನ್ನಿನಿಂದ ಒಂದು ಹಾಳೆಯ ಫ್ಯಾಕ್ಸ್ ಬಂತು. ಆಟ ರದ್ದಾಗಿದೆ. ಬ್ಲೂ ಬಾಬಿನ್ ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ಹತ್ತು ಗಂಟೆಗೆ ಲೀಡ್ಸ್‌ನಿಂದ ಟೆಂಪಲ್ ಅನ್ನುವ ಅಧಿಕಾರಿ ಬಂದು ಕುರ್ಚಿ, ಮೇಜು, ಯಂತ್ರಗಳಿಗೆಲ್ಲ ನಂಬರಿನ ಚೀಟಿ ಅಂಟಿಸಲು ಶುರು ಮಾಡಿದ.

ಎಲ್ಲರೂ ಚಹಾ ಕೋಣೆಯಲ್ಲಿ ಸೇರಿದರು. ನೆವಿಲ್ ಮಾತಾಡಲು ನಿಂತು, ಕೈಯಲ್ಲಿದ್ದ ಫ್ಯಾಕ್ಸನ್ನು ಮಡಚಿ, ಕೂತುಬಿಟ್ಟ. ನಲವತ್ತೆರಡಕ್ಕೇ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಯಾರೋ ಮನೆಗೆ ಹೋಗೋಣ ಅಂದರು. ಇನ್ನೊಬ್ಬರು ಹೆಂಡದಂಗಡಿ ತೆಗೆದಿರಬಹುದು ಅಂದರು.

"ಶುಕ್ರವಾರ ಐದು ಗಂಟೆ ಅಂದ್ರಲ್ಲ," ಎನಿಡ್ ಕೂತಲ್ಲಿಂದಲೇ ಹೇಳಿದಳು. "ಇವತ್ತು ಮಂಗಳವಾರ."

"ಏನ್ ಮಾಡೋಕಾಗುತ್ತೆ ಎನಿಡ್?" ಅಂದ ನೆವಿಲ್. "ಅರ್ಧ ವರ್ಷದ ಕೆಲಸ ಇದೆ."

"ಪೂರ್ತಿ ಆಟ ಅಂದೆನಾ ನಾನು? ಒಂದು ದಾರಿ. ಈ ತುದಿಯಿಂದ ಆ ತುದಿಗೆ ಒಂದೇ ಒಂದು ಪಯಣ. ಕುದುರೆ ಹೊರಡಬೇಕು, ಗುಡ್ಡ ದಾಟಬೇಕು, ಊರು ಸೇರಬೇಕು. ಇಲ್ಲಿ ಎರಡೂವರೆ ವರ್ಷ ಏನು ಮಾಡ್ತಿದ್ರಿ ಅಂತ ನಾಳೆ ಇನ್ನೊಂದು ಕಂಪನೀಲಿ ಕೇಳಿದ್ರೆ ಬಾಯಲ್ಲಿ ಹೇಳ್ತೀರಾ? ತೋರಿಸೋಕೆ ಒಂದು ಬೇಕಲ್ಲ ಇವರಿಗೆ. ನನಗಲ್ಲ, ನನಗೆ ಐವತ್ತೆಂಟು. ಇವರಿಗೆ."

ಶಬ್ಬೀರ್ ಎದ್ದು, ಗೋಡೆಯ ಹಲಗೆಯ ಮೇಲಿದ್ದುದನ್ನೆಲ್ಲ ಒರೆಸಿ, ಏನೇನು ಬೇಕು ಅಂತ ಬರೆಯತೊಡಗಿದ.

ಎನಿಡ್ ಟೆಂಪಲ್ ಹತ್ತಿರ ಹೋದಳು. ಅವನು ಅವಳ ಕುರ್ಚಿಗೇ ಚೀಟಿ ಅಂಟಿಸುತ್ತಿದ್ದ.

"ಯಂತ್ರಗಳನ್ನ ಶುಕ್ರವಾರದವರೆಗೆ ಆರಿಸಬೇಡಿ," ಅಂದಳು. "ನಾವು ಮುಗಿಸಿದ್ದರ ಒಂದೊಂದು ಪ್ರತಿ ಎಲ್ಲರಿಗೂ ಕೊಡಬೇಕು. ಮಾರೋಕಲ್ಲ, ಕೆಲಸ ಕೇಳೋವಾಗ ತೋರಿಸೋಕೆ."

"ಅದು ಕಂಪನಿ ಆಸ್ತಿ ಮೇಡಂ. ನನ್ನ ಕೈಯಲ್ಲಿಲ್ಲ."

"ಯಾರ ಕೈಯಲ್ಲಿದೆ? ಅವರ ಫೋನ್ ನಂಬರ್ ಹೇಳಿ."

ಅವನು ನಿಟ್ಟುಸಿರು ಬಿಟ್ಟು ನಂಬರು ಕೊಟ್ಟ. ಮಂಗಳವಾರ ಅವರು ಸಿಗಲಿಲ್ಲ. ಬುಧವಾರ ಅವರು ಸಭೆಯಲ್ಲಿದ್ದರು. ಎನಿಡ್ ಅರ್ಧ ಗಂಟೆಗೊಮ್ಮೆ ಫೋನು ಮಾಡಿದಳು, ನಡುವೆ ಗುಡ್ಡದ ಹುಲ್ಲಿಗೆ, ಕಲ್ಲಿನ ಗೋಡೆಗೆ ಬಣ್ಣ ಹಚ್ಚಿದಳು. ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಆ ಕಡೆಯ ಹೆಂಗಸು ಅವಳ ದನಿ ಕೇಳಿದ ಕೂಡಲೇ, "ಲೈನಲ್ಲೇ ಇರಿ ಮಿಸೆಸ್ ಸಟ್‌ಕ್ಲಿಫ್," ಅನ್ನುವಷ್ಟಾಗಿತ್ತು. ಗುರುವಾರ ಬೆಳಿಗ್ಗೆ ಫ್ಯಾಕ್ಸಿನಲ್ಲಿ ನಾಲ್ಕು ಸಾಲಿನ ಒಪ್ಪಿಗೆ ಬಂತು, ಕೆಳಗೆ ಸಹಿ. ಟೆಂಪಲ್ ಅದನ್ನು ಎರಡು ಸಲ ಓದಿ, ಅವಳ ಕೈಗೆ ಹಿಂತಿರುಗಿಸಿದ. ಅವತ್ತಿನಿಂದ ಅವನು ಯಾರಾದರೂ ಎದ್ದ ಮೇಲೆಯೇ ಕುರ್ಚಿಗೆ ಚೀಟಿ ಅಂಟಿಸುತ್ತಿದ್ದ.

ಮೂರೂವರೆ ದಿನ ಆ ಗೋದಾಮಿನಲ್ಲಿ ಅನಗತ್ಯ ಮಾತಿಲ್ಲ. ಬೇಡದ್ದನ್ನೆಲ್ಲ ಕತ್ತರಿಸಿದರು. ಕಳ್ಳರು ಹೋದರು, ಹಳ್ಳಿಯ ಸಂತೆ ಹೋಯಿತು, ಮಳೆ ಹೋಯಿತು. ಮಳೆಯನ್ನು ಬರೆದಿದ್ದ ಹುಡುಗಿ ಅತ್ತಳು. ಎನಿಡ್ ಅವಳನ್ನು ಸಮಾಧಾನ ಮಾಡಲಿಲ್ಲ, ಸೇತುವೆಯ ಕೆಳಗಿನ ನೀರನ್ನು ಅವಳಿಗೆ ವಹಿಸಿದಳು. ವಿಲ್ಫ್ ಆಗ ನಿವೃತ್ತನಾಗಿದ್ದ. ದಿನಾ ಮಧ್ಯಾಹ್ನ ಮಾಂಸದ ಕಡುಬುಗಳನ್ನು ಕಾಗದದಲ್ಲಿ ಸುತ್ತಿಸಿಕೊಂಡು ತಂದು, "ಇದನ್ನ ಇವಳು ಮಾಡಿಲ್ಲ, ಧೈರ್ಯವಾಗಿ ತಿನ್ನಿ," ಅಂತ ಹಂಚಿ ಹೋಗುತ್ತಿದ್ದ.

ಶುಕ್ರವಾರ ನಾಲ್ಕಕ್ಕೆ ಕುದುರೆ ಸೇತುವೆಯ ನಡುವೆ ನಿಂತುಬಿಟ್ಟಿತು. ಶಬ್ಬೀರ್ ಹದಿನೈದು ನಿಮಿಷ ಹುಡುಕಿ, ಒಂದು ಸಾಲು ತಿದ್ದಿದ. ಒಂದು ಕಡೆ ಪ್ರತಿಗಳು ತಯಾರಾಗುತ್ತಿರುವಾಗಲೇ, ನಾಲ್ಕು ನಲವತ್ತಕ್ಕೆ ನೆವಿಲ್ ಕೈಯಲ್ಲಿ ಆಟ ನಡೆಸುವ ಗುಂಡಿಗಳ ಹಿಡಿ ಕೊಟ್ಟರು. ಉಳಿದ ಇಪ್ಪತ್ತೆರಡು ಜನ, ಜೊತೆಗೆ ಟೆಂಪಲ್, ಹಿಂದೆ ಗುಂಪಾಗಿ ನಿಂತರು. ಐದು ಕುದುರೆಗಳು ಕಣಿವೆಯಿಂದ ಹೊರಟವು, ಗುಡ್ಡ ಹತ್ತಿದವು, ಸೇತುವೆ ದಾಟಿದವು, ಮಂಜಿನಲ್ಲಿ ಸ್ವಲ್ಪ ಹೊತ್ತು ಮರೆಯಾಗಿ, ಇಳಿಜಾರಿನಲ್ಲಿ ದೀಪ ಹಚ್ಚಿದ ಊರಿಗೆ ಬಂದು ನಿಂತವು. ಹನ್ನೊಂದು ನಿಮಿಷ. ನೆವಿಲ್ ಹಿಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅಲ್ಲಿದ್ದವರ ಕೈಯನ್ನೆಲ್ಲ ಒಬ್ಬೊಬ್ಬರದಾಗಿ ಕುಲುಕಿದ. ಐದಕ್ಕೆ ಎಲ್ಲರೂ ಕೋಟಿನ ಜೇಬಿನಲ್ಲಿ ಆ ಪಯಣದ ಪ್ರತಿ ಇರುವ ಒಂದೊಂದು ಡಿಸ್ಕ್ ಇಟ್ಟುಕೊಂಡು ಕಾಲುವೆ ದಂಡೆಗೆ ಬಂದರು. ಟೆಂಪಲ್ ಬಾಗಿಲಿಗೆ ಬೀಗ ಹಾಕಿದ.

ಬೇಸಿಗೆ ಮುಗಿಯುವುದರೊಳಗೆ ಹದಿನೇಳು ಜನಕ್ಕೆ ಕೆಲಸ ಸಿಕ್ಕಿತು. ಶಬ್ಬೀರ್ ಶೆಫೀಲ್ಡಿನ ಕಂಪನಿಯೊಂದಕ್ಕೆ ಹೋದ. ನೆವಿಲ್ ಆಟದ ಸಹವಾಸ ಬಿಟ್ಟು ಹೆಬ್ಡನ್ ಬ್ರಿಜ್‌ನಲ್ಲಿ ಹೂವಿನ ಸಸಿ ಬೆಳೆಸತೊಡಗಿದ. ಎನಿಡ್ ಮನೆಯಲ್ಲಿ ಎರಡು ತಿಂಗಳು ಕೂತು, ವಿಲ್ಫ್‌ನ ರೇಡಿಯೊ ಸದ್ದಿಗೆ ರೋಸಿ, ಊರಿನ ಕಾಲೇಜಿಗೆ ಹೋಗಿ ಆಟಕ್ಕೆ ಚಿತ್ರ ಬರೆಯುವುದನ್ನು ಕಲಿಸುತ್ತೇನೆ ಅಂದಳು. ಅಲ್ಲಿ ಅಂಥ ಪಾಠವೇ ಇರಲಿಲ್ಲ. ಪ್ರಾಂಶುಪಾಲರು ಒಂದು ವರ್ಷ ನೋಡೋಣ ಅಂದರು. ಆ ವರ್ಷ ಬಂದವರು ಆರು ಜನ.

"ಹನ್ನೆರಡಾದ್ರೂ ಆಗದಿದ್ದರೆ ನಡೆಸೋಕಾಗಲ್ಲ ಮಿಸೆಸ್ ಸಟ್‌ಕ್ಲಿಫ್," ಅಂದರು ಅವರು ಜೂನಿನಲ್ಲಿ, ನಿಜವಾಗಿ ಬೇಸರಪಟ್ಟುಕೊಂಡೇ.

"ಸೆಪ್ಟೆಂಬರಿಗೆ ತಾನೆ ಲೆಕ್ಕ ಹಾಕೋದು?"

ಆ ಬೇಸಿಗೆಯಿಡೀ ಎನಿಡ್ ತನ್ನ ಕೆಲಸದ ಹಾಳೆಗಳನ್ನು ಒಂದು ಅಗಲದ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಇಳಿದಳು. ಎಲಂಡ್, ಬ್ರಿಗ್‌ಹೌಸ್, ಟಾಡ್‌ಮಾರ್ಡನ್. ಗ್ರಂಥಾಲಯದಲ್ಲಿ, ಯುವಕರ ಕ್ಲಬ್ಬಿನಲ್ಲಿ, ಮಸೀದಿಯ ಪಕ್ಕದ ಸಮುದಾಯ ಭವನದಲ್ಲಿ ಮೇಜು ಕೇಳಿ ಹಾಕಿಸಿಕೊಂಡು ಕೂತಳು. ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತವರನ್ನೂ ಬಿಡಲಿಲ್ಲ. "ಏನು ಬರಬೇಕು?" ಅಂತ ಕೇಳಿದವರಿಗೆ, "ಕೂತ್ಕೊಳ್ಳೋಕೆ ಬರಬೇಕು, ಮಿಕ್ಕಿದ್ದು ನಾನು ನೋಡ್ಕೋತೀನಿ," ಅನ್ನುತ್ತಿದ್ದಳು.

ಸೆಪ್ಟೆಂಬರಿನ ಮೊದಲ ಸೋಮವಾರ ಹತ್ತೊಂಬತ್ತು ಜನ ಬಂದರು. ಕೋಣೆಯಲ್ಲಿದ್ದ ಕುರ್ಚಿ ಹದಿನಾರು. ಮೂವರು ಕಿಟಕಿಯ ಕಟ್ಟೆ ಏರಿ ಕೂತರು. ಎನಿಡ್ ಕೋಟು ಬಿಚ್ಚಿ ಮೊಳೆಗೆ ಹಾಕಿ, ತೋಳು ಮಡಚಿ, ಹಾಜರಿ ಕರೆಯಲು ಶುರು ಮಾಡಿದಳು.